ಕೌದಿಯ ಒಳಗೆ ಸೇರಿದ ಅಂಗಿ

ನನ್ನ ಮಗಳು ಎಂಟು ತಿಂಗಳು ತುಂಬುವಷ್ಟರಲ್ಲಿ ಜ್ವರ ಬಂದು ತೀರಿಕೊಂಡಳು. ಎಪ್ಪತ್ತರ ದಶಕದ ಕೊನೆಯ ಮಾತು, ಆಗ ನಾವು ಕೊಟ್ಟೂರಿನಲ್ಲಿದ್ದೆವು. ಸತ್ತ ಕೂಸಿನ ಬಟ್ಟೆ ಮನೆಯಲ್ಲಿದ್ದರೆ ಮುಂದಿನ ಕೂಸಿಗೆ ಕೇಡು ಎಂದು ಅತ್ತೆ ಕುಲಾಯಿಯಿಂದ ಹಿಡಿದು ಕುಂಚಿಗೆಯವರೆಗೆ ಎಲ್ಲವನ್ನೂ ಮಣ್ಣಿಗೆ ಹಾಕಿಸಿದರು. ಒಂದು ಅಂಗಿಯನ್ನು ಮಾತ್ರ ನಾನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಆದರೆ ಇಡುವುದೆಲ್ಲಿ? ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟದಲ್ಲಿ. ನನ್ನ ಗಂಡ ದರ್ಜಿ. ಅಂಗಡಿಯಲ್ಲಿ ಉಳಿದ ತುಂಡುಗಳೆಲ್ಲ ಕೌದಿಗೆಂದು ಅಟ್ಟದ ಮೇಲಿನ ಗಂಟು ಸೇರುತ್ತಿದ್ದವು. ಆ ಅಂಗಿಯೂ ಅಂಥದೇ ಹಳದಿ ತುಂಡುಗಳಿಂದ ನಾನೇ ಹೊಲಿದದ್ದು. ಚಿಂದಿಯ ನಡುವೆ ಯಾರು ಗುರುತಿಸಿಯಾರು ಎಂದು ಗಂಟಿನ ತಳಕ್ಕೆ ತುರುಕಿದೆ. ಭಾರಿ ಜಾಣೆ ಎಂದುಕೊಂಡಿದ್ದೆ! ಮನೆಯಲ್ಲಿ ಯಾರೂ ಇಲ್ಲದಾಗ ಗಂಟು ಬಿಚ್ಚಿ, ಅಂಗಿಯನ್ನು ಮುಖಕ್ಕೊತ್ತಿಕೊಂಡು, ಮತ್ತೆ ಕಟ್ಟಿಡುತ್ತಿದ್ದೆ. ಅದರಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ ಇತ್ತು.

ಅಷ್ಟರಲ್ಲಿ ನಾದಿನಿ ಹಡಗಲಿಯಿಂದ ಹೆರಿಗೆಗೆ ಬಂದಳು. ಗಂಡು ಕೂಸು ಹುಟ್ಟಿತು. ಎರೆಯುವುದು, ಲೋಬಾನ ಹಾಕುವುದು, ತಟ್ಟಿ ಮಲಗಿಸುವುದು ಎಲ್ಲ ನನ್ನದೇ ಪಾಲು. ಆ ಕೂಸಿನಿಂದಲೇ ನಾನು ಬದುಕಿದ್ದೆ ಎಂದರೂ ತಪ್ಪಿಲ್ಲ. ಐದನೇ ತಿಂಗಳಲ್ಲಿ ತೊಟ್ಟಿಲು, ಕೌದಿ ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುವುದು ನಮ್ಮ ಕಡೆಯ ರೂಢಿ. ಅತ್ತೆ ಕೌದಿ ಹೊಲಿಯುವ ಹೆಂಗಸನ್ನು ಕರೆಸಿದಾಗ ನಾನು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುತ್ತಿದ್ದೆ.

ಬಂದು ನೋಡಿದರೆ ಗಂಟು ಬರಿದಾಗಿತ್ತು. ಹಳೇ ಸೀರೆ ಹಾಸಿ, ತುಂಡುಗಳನ್ನು ಅದರ ಮೇಲೆ ಹರಡಿ, ಇನ್ನೊಂದು ಸೀರೆ ಮುಚ್ಚಿ, ಆಕೆ ಆಗಲೇ ಅಂಚಿನಿಂದ ಮೂರು ಸುತ್ತು ಹೊಲಿಗೆ ಹಾಕಿದ್ದಳು.

“ಒಳಗ ಹಳದೀದು ಏನರ ಹಾಕೀಯೇನಬೇ?” ಎಂದು ಕೊಡ ಇಳಿಸದೆಯೇ ಕೇಳಿದೆ.

“ಎಲ್ಲಾ ಹಾಕೀನಿ ತಂಗಿ. ಕೌದಿ ಹೊಟ್ಟಿ ತುಂಬಬೇಕಲ್ಲ.”

ಪಕ್ಕದಲ್ಲಿ ಕೂತು, ಸುಕ್ಕು ತೆಗೆಯುವವಳಂತೆ ಕೌದಿಯ ಮೇಲೆ ಅಂಗೈ ಆಡಿಸಿದೆ. ಒಂದು ಮೂಲೆಯಲ್ಲಿ, ಅಂಗಿಗೆ ನಾನೇ ಹಿಡಿದಿದ್ದ ನೆರಿಗೆ ಬೆರಳಿಗೆ ಸಿಕ್ಕಿತು. ಸತ್ತ ಕೂಸಿನ ಬಟ್ಟೆಯ ಮೇಲೆ ಬದುಕಿರುವ ಕೂಸು ಮಲಗಬಾರದು ಎಂದು ನಾನು ಮೊದಲು ಯೋಚಿಸಬೇಕಿತ್ತು. ನಿಜ ಹೇಳುತ್ತೇನೆ, ಯೋಚಿಸಲಿಲ್ಲ. ನನ್ನ ಅಂಗಿ ಬಸ್ಸು ಹತ್ತಿ ಹೋಗಿಬಿಡುತ್ತದೆ ಎಂಬುದೊಂದೇ ತಲೆಯಲ್ಲಿ. ಆಕೆಯ ಕತ್ತರಿ ಕಿತ್ತುಕೊಂಡು ಹೊಲಿಗೆ ಕತ್ತರಿಸತೊಡಗಿದೆ.

“ಹುಚ್ಚು ಹಿಡೀತೇನ ನಿನಗ? ಕೂಸಿನ ಕೌದಿ ಅದು!” ಅತ್ತೆ ಕೂಗಿದರು.

“ನನ್ನ ಕೂಸಿನ ಅಂಗಿ ಇದರಾಗ ಐತ್ರಿ ಅತ್ತಿ.”

ಬಾಗಿಲಲ್ಲಿ ನಾದಿನಿ ಮಗುವನ್ನೆತ್ತಿಕೊಂಡು ನಿಂತಿದ್ದಳು. “ಬೇಕಂತನ ಇಟ್ಟಾಳ ಯವ್ವಾ. ತನ್ನ ಕೂಸು ಹೋತು, ನಂದೂ ಹೋಗ್ಲಿ ಅಂತ.”

ನಾನು ಆಣೆ ಮಾಡಿದೆ, ಅಳುತ್ತ ನಾದಿನಿಯ ಕಾಲು ಹಿಡಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಕೌದಿಯಿಂದ ಹೊರತೆಗೆದ ಅಂಗಿಯನ್ನು ಯಾರೂ ನನ್ನಿಂದ ಕಸಿಯಲಿಲ್ಲ, ಮುಟ್ಟುವುದಕ್ಕೇ ಯಾರಿಗೂ ಧೈರ್ಯವಿರಲಿಲ್ಲ. ಮರುದಿನ ನಾನು ಎಂದಿನಂತೆ ಕೂಸಿಗೆ ನೀರು ಕಾಯಿಸಿಟ್ಟೆ. ನಾದಿನಿ ಆ ನೀರನ್ನು ಚೆಲ್ಲಿ ಬೇರೆ ಕಾಯಿಸಿದಳು.

ಅವಳು ಹೊರಟ ದಿನ ಕರೆಯದಿದ್ದರೂ ಬಸ್ ಸ್ಟ್ಯಾಂಡಿಗೆ ಹೋದೆ. ತೊಟ್ಟಿಲು ಮೇಲೇರಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ನಾನು ಕೈ ಚಾಚಿದೆ. ಕೂಸು ನನ್ನ ಗುರುತು ಹಿಡಿದು ನಗುತ್ತ ಇತ್ತ ಜಗ್ಗಿತು. ಅವಳು ಅದನ್ನು ಕಿಟಕಿಯೊಳಗೆ ಕೂತಿದ್ದ ಯಾರೋ ಹೆಂಗಸಿನ ಕೈಗೆ ಕೊಟ್ಟಳು.