ಹರಿಯದ ಹಳ್ಳಕ್ಕೆ ಬಿಟ್ಟ ಕೌದಿ

ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಅವರು ಮಲಗಿದ್ದ ಹಾಸಿಗೆ, ದಿಂಬು, ಕೌದಿಗಳನ್ನು ಮೂರನೆಯ ದಿನ ಗಂಟು ಕಟ್ಟಿ ಹಿಂದಿನ ಹಳ್ಳಕ್ಕೆ ಬಿಡುತ್ತಿದ್ದೆವು. ಬಿಟ್ಟವರು ತಿರುಗಿ ನೋಡಬಾರದು. ಬಿಟ್ಟದ್ದು ಮತ್ತೆ ಮೇಲೆ ಬಂದರೆ ಅದೇ ಮನೆಯಿಂದ ಇನ್ನೊಬ್ಬರನ್ನು ಕರೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಯಜಮಾನರ ಕೌದಿಯನ್ನೂ ಹಾಗೆಯೇ ಬಿಟ್ಟೆವು. ಮೈದುನ ಗಂಟು ಎಸೆದ. ಅದು ಕೆಸರಿಗೆ ಬಿದ್ದ ಸದ್ದು ಬೆನ್ನಿಗೆ ಕೇಳಿಸಿತು. ನಾನು ತಿರುಗದೆ ಮನೆಗೆ ಬಂದೆ.

ಹಳ್ಳ ಹರಿಯುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಹರಿಯುವ ನೀರಿಗೆ ಬಿಡುವವರ ಹಾಗೇ ಬಿಟ್ಟು, ಹೋಯಿತು ಎಂದುಕೊಂಡು ಬರುತ್ತಿದ್ದೆವು. ಜಾಲಿ ಬೆಳೆದು, ಕೋಳಿ ಅಂಗಡಿಯ ಪುಕ್ಕ, ಪ್ಲಾಸ್ಟಿಕ್ ಚೀಲ, ಬಚ್ಚಲ ನೀರು ಎಲ್ಲ ಸೇರಿ ಅಲ್ಲಿ ಸೊಳ್ಳೆಯ ಸಂಸಾರವೇ ಇತ್ತು. ಯಜಮಾನರು ಹೋದದ್ದು ಡೆಂಗ್ಯೂ ಜ್ವರದಿಂದ. ತಮ್ಮ ಪಂಕ್ಚರ್ ಅಂಗಡಿಯಿಂದ ಮೈ ಬೆಚ್ಚಗೆ ಮಾಡಿಕೊಂಡು ಬಂದವರನ್ನು ವಾರದೊಳಗೆ ದಾವಣಗೆರೆಯ ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ತಂದೆವು.

ಆಮೇಲೆ ಓಣಿಯವರು ಹೆದರಿದರು. ರಿಟೈರಾದ ಮೇಷ್ಟ್ರೊಬ್ಬರು ಮನೆ ಮನೆಗೆ ಬಂದು, ಭಾನುವಾರ ಮನೆಗೊಬ್ಬರು ಬರಬೇಕು, ಹಳ್ಳ ಹರಿಯುವ ಹಾಗೆ ಮಾಡೋಣ ಎಂದರು. ನಮ್ಮ ಮನೆಯಲ್ಲಿ ಉಳಿದವರು ನಾನು, ಕಾಲೇಜು ಓದುವ ಮಗಳು, ಇಬ್ಬರೇ.

“ನೀ ಹೋಗಬ್ಯಾಡ” ಅಂದೆ.

“ಅಪ್ಪ ಸತ್ತಿದ್ದು ಯಾತರಿಂದ ಅವ್ವ? ಎಲ್ಲಾರೂ ಮನ್ಯಾಗ ಕುಂತ್ರ ಹಳ್ಳ ತಾನ ಹರೀತೈತೇನು?” ಅಂದವಳೇ ಸಲಿಕೆ ಹಿಡಿದು ಹೋದಳು.

ಜಾಲಿ ಕಡಿದರು. ಜೆಸಿಬಿ ತರಿಸಿ ಹೂಳು ತೆಗೆಸಿದರು. ನಾಲ್ಕನೆಯ ಭಾನುವಾರ ರಸ್ತೆಯ ಕೆಳಗಿನ ಮೋರಿಯ ಹತ್ತಿರ ಕೆಲಸ ನಿಂತಿತು. ನಾನು ಎಲ್ಲರಿಗೂ ಚಹಾ ತೆಗೆದುಕೊಂಡು ಹೋಗಿದ್ದೆ. ಮೋರಿಯ ಬಾಯಿಗೆ ಗಂಟುಗಳು ಒಂದರ ಮೇಲೊಂದು ಸಿಕ್ಕಿಕೊಂಡಿದ್ದವು. ಯಾವುವು ಎಂದು ಕೇಳುವ ಅಗತ್ಯವಿರಲಿಲ್ಲ.

ಜೆಸಿಬಿಯವನು ಯಂತ್ರ ಬಂದ್ ಮಾಡಿ ಇಳಿದ. “ಸತ್ತೋರ ಹಾಸಿಗಿ ನಾ ಎತ್ತಂಗಿಲ್ರಿ. ನನಗೂ ಹೆಂಡ್ರು ಮಕ್ಕಳು ಅದಾರ.”

“ಹೆಂಡ್ತಿ ಅದಾಳಂತ ದಿನಾ ಹೆದರ್ತಿ, ಇದೊಂದು ಹೆಚ್ಚೇನಲೇ?” ಎಂದು ಅವನ ಗೆಳೆಯ ಅಂದ. ಎಲ್ಲರೂ ನಕ್ಕರು. ಆದರೆ ಯಾರೂ ಕಾಲು ಮುಂದಿಡಲಿಲ್ಲ.

“ಮೋರಿ ಬಾಯಿ ಬಿಡಿಸಲಿಲ್ಲಂದ್ರ ಇಷ್ಟು ದಿನ ಮಾಡಿದ್ದು ನೀರಾಗ ಹೋಮ ಮಾಡಿದಂಗ ನೋಡ್ರಿ” ಎಂದರು ಮೇಷ್ಟ್ರು.

“ಮುಟ್ಟಬ್ಯಾಡ್ರಿ. ಹೊರಗ ಹಾಕಿದ್ದು ಹೊರಗ ಇರಲಿ” ಎಂದಳು ಪಕ್ಕದ ಮನೆಯ ಮುದುಕಿ.

ಅಷ್ಟರಲ್ಲಿ ನನ್ನ ಮಗಳು ವೇಲನ್ನು ಸೊಂಟಕ್ಕೆ ಬಿಗಿದು ಕೆಸರಿಗೆ ಇಳಿದಿದ್ದಳು. ಅವಳು ಮೇಲಿನ ಗಂಟಿಗೆ ಕೈ ಚಾಚಿದಳು, ಅಲ್ಲಿಯೇ ನಿಂತಳು. ಗಂಟಿನ ಬಾಯಿ ಬಿಚ್ಚಿ ಹಸಿರು ಚೌಕಳಿಯ ಒಂದು ತುಂಡು ಕಾಣುತ್ತಿತ್ತು. ಅವಳ ಏಳನೆಯ ತರಗತಿಯ ಲಂಗದ ಬಟ್ಟೆ ಅದು. ಅವಳಪ್ಪನ ಕೌದಿಯ ಅಂಚಿಗೆ ನಾನೇ ಹಚ್ಚಿ ಹೊಲಿದಿದ್ದೆ.

ಹೇಗೆ ಇಳಿದೆನೋ ತಿಳಿಯದು. ಚಪ್ಪಲಿ ಕೆಸರಿನಲ್ಲೇ ಉಳಿದವು. ಅವಳ ಮುಂಗೈ ಹಿಡಿದೆ. “ಸರಿ ಆಕಡಿ. ನಾ ತಗೀತೀನಿ.”

“ನಿನಗೇನಾರ ಆದ್ರ?”

“ನನಗ ಆಗೋದು ಆಗೇತಿ.”

ಧೈರ್ಯದ ಮಾತಲ್ಲ ಅದು. ಕರೆಯುವುದೇ ಆದರೆ ಮುಟ್ಟಿದವಳನ್ನು ಕರೆಯಲಿ, ಇವಳನ್ನು ಬಿಡಲಿ ಎಂದಷ್ಟೇ ನನ್ನ ತಲೆಯಲ್ಲಿತ್ತು. ಕೌದಿ ನೀರು ಕುಡಿದು ಮನುಷ್ಯನಷ್ಟು ಭಾರವಾಗಿತ್ತು. ಎಳೆದು ಎದೆಗೆ ಆನಿಸಿಕೊಂಡಾಗ ಅವರ ವಾಸನೆ ಬಂದೀತು ಎಂದು ಉಸಿರು ಬಿಗಿಹಿಡಿದೆ. ಆಮೇಲೆ ಉಸಿರಾಡಲೇಬೇಕಾಯಿತು. ಬರೀ ಕೊಳೆತ ಕೆಸರಿನ ವಾಸನೆ. ಅವರದು ಏನೂ ಉಳಿದಿರಲಿಲ್ಲ. ಆ ದಿನ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅದಕ್ಕೆ.

ಸ್ವಲ್ಪ ಹೊತ್ತಿಗೆ ಆ ಮುದುಕಿಯೇ ಸೀರೆ ಎತ್ತಿ ಕಟ್ಟಿ, ನನ್ನ ಮಗಳ ಭುಜ ಹಿಡಿದು ಇಳಿದು ಬಂದಳು. “ಆ ನೀಲಿ ದಿಂಬು ನಮ್ಮತ್ತೀದು. ಇದ್ದಾಗೂ ನಾನ ಎತ್ತಿ ಇಡ್ತಿದ್ದೆ, ಈಗೂ ನಾನ ಎತ್ತತೀನಿ ಬಿಡು.” ಆಮೇಲೆ ಒಬ್ಬೊಬ್ಬರಾಗಿ ಇಳಿದರು. ತಮ್ಮ ತಮ್ಮ ಮನೆಯವರದನ್ನು ಗುರುತಿಸಿ ತೆಗೆದರು. ಗುರುತು ಸಿಗದವನ್ನು ಮೇಷ್ಟ್ರು ತೆಗೆದರು.

ಹಸಿ ಅರಿವೆ ಬೆಂಕಿ ಹಿಡಿಯಲಿಲ್ಲ. ಊರೊಳಗೆ ಒಯ್ಯುವ ಹಾಗಿರಲಿಲ್ಲ. ಹಳ್ಳದ ಬಂಡೆಗಳ ಮೇಲೆಯೇ ಬಿಸಿಲಿಗೆ ಹರವಿದೆವು. ಎರಡನೆಯ ದಿನ ಸಂಜೆ ಸುಟ್ಟೆವು. ಇನ್ನು ಮುಂದೆ ಯಾರದೇ ಆಗಲಿ, ಸುಡಬೇಕು, ಹಳ್ಳಕ್ಕೆ ಹಾಕಬಾರದು ಎಂದು ಅಲ್ಲೇ ಮಾತಾಯಿತು.

ಹದಿನೈದು ದಿನಕ್ಕೆ ದೊಡ್ಡ ಮಳೆ ಬಂತು. ನೀರು ಮೋರಿ ದಾಟಿ ಹೋಯಿತಂತೆ, ಓಣಿಯವರೆಲ್ಲ ರಸ್ತೆಯ ಮೇಲೆ ನಿಂತು ನೋಡಿದರಂತೆ. ನಾನು ಹೋಗಲಿಲ್ಲ. ಆ ಬೆಳಿಗ್ಗೆ ಮಗಳ ಮೈ ಬೆಚ್ಚಗಿತ್ತು. ರಕ್ತ ಪರೀಕ್ಷೆಗೆ ಕೊಟ್ಟು, ವರದಿ ಬರುವವರೆಗೆ ಅವಳ ಮಂಚದ ಕಾಲಿಗೆ ಒರಗಿ ಕೂತಿದ್ದೆ. ಮುಟ್ಟಿದವಳು ನಾನು, ನಾನು ಎಂದು ಯಾರಿಗೆ ಹೇಳುತ್ತಿದ್ದೆನೋ. ವರದಿಯಲ್ಲಿ ಏನೂ ಇರಲಿಲ್ಲ. ಬರೀ ನೆಗಡಿ ಜ್ವರ ಎಂದರು.

ಈಗಲೂ ಭಾನುವಾರ ಅವಳು ಹಳ್ಳಕ್ಕೆ ಹೋಗುತ್ತಾಳೆ, ಮೋರಿಯ ಬಾಯಿಗೆ ಕಸ ನಿಲ್ಲದ ಹಾಗೆ ನೋಡಿಕೊಳ್ಳುವವರ ಜೊತೆ. ಹೊರಡುವ ಮುಂಚೆ ನಾನು ಅವಳ ಕುತ್ತಿಗೆ ಮುಟ್ಟಿ ನೋಡುತ್ತೇನೆ.

“ಕೈ ತಣ್ಣಗದಾವು, ತಗಿ ಅವ್ವ. ಜ್ವರ ಬಂದ್ರ ನಾನ ಹೇಳ್ತೀನಿ” ಎನ್ನುತ್ತಾಳೆ.

ಅವಳಪ್ಪನೂ ಹೇಳುತ್ತೇನೆ ಎಂದೇ ಅಂದಿದ್ದರು. ನಾನು ಇನ್ನೊಂದಿಷ್ಟು ಹೊತ್ತು ಕೈ ಅಲ್ಲೇ ಇಟ್ಟಿರುತ್ತೇನೆ.