ಮೀನೆಣ್ಣೆ ಹಚ್ಚಿದ ದೂರದರ್ಶಕ

ನಾನು ದೋಣಿ ಕಟ್ಟುವವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬೈಂದೂರಿನ ಹತ್ತಿರದ ನಾವುಂದದಲ್ಲಿ ನಮ್ಮ ದೋಣಿ ಶೆಡ್ಡಿನ ಹಿಂದಿನ ಮನೆಯಲ್ಲಿ ರಿಟೈರಾದ ವಿಜ್ಞಾನದ ಮಾಷ್ಟ್ರು ಇದ್ದರು. ಅವರ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ನರವೂ ಒಣಗುತ್ತಿದೆ, ತಡೆಯಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಕಣ್ಣು ಇರುವಷ್ಟರಲ್ಲಿ ಶನಿಗ್ರಹದ ಬಳೆ ನೋಡಬೇಕು, ಅದೊಂದೇ ಅವರ ಹಟ. ಮೂವತ್ತು ವರ್ಷ ಬೋರ್ಡಿನ ಮೇಲೆ ಬಳೆ ಬರೆದು ತೋರಿಸಿದ್ದರು. ಸ್ವತಃ ನೋಡಿರಲಿಲ್ಲ.

ಮುಂಬೈಯಲ್ಲಿ ಹೋಟೆಲು ನಡೆಸುವ ಅವರ ತಮ್ಮ ಒಂದಡಿ ಅಗಲದ ಕನ್ನಡಿ, ಕಣ್ಣಿಟ್ಟು ನೋಡುವ ಎರಡು ಐಪೀಸು, ಒಂದಿಷ್ಟು ಟೆಫ್ಲಾನ್ ತುಂಡು ತಂದುಕೊಟ್ಟಿದ್ದ. ಮರದ ಕೆಲಸ ನನ್ನದು. ಡಾಬ್ಸೋನಿಯನ್ ದೂರದರ್ಶಕ ಅನ್ನುವುದು ದೊಡ್ಡ ಹೆಸರು, ಇರುವುದು ಒಂದು ಪೆಟ್ಟಿಗೆ. ಅದರಲ್ಲಿ ಉದ್ದದ ಕೊಳವೆ ಕೂರುತ್ತದೆ. ಮೋಟರಿಲ್ಲ, ಕೈಯಲ್ಲೇ ತಳ್ಳಬೇಕು. ಪೆಟ್ಟಿಗೆಯ ಅಡಿಗೆ ಮೈಕಾ ಶೀಟು, ಅದರ ಕೆಳಗೆ ಪೀಠದ ಹಲಗೆಗೆ ಹೊಡೆದ ಮೂರು ಟೆಫ್ಲಾನ್ ತುಂಡು. ಒಂದರ ಮೇಲೊಂದು ಜಾರಬೇಕು.

“ಎಣ್ಣಿ ಗಿಣ್ಣಿ ಹಾಕುಕಾಗ,” ಅಂದರು ಮಾಷ್ಟ್ರು. “ಒಣಗಿದ್ದೇ ಜಾರತ್ತ್.”

“ಹ್ವಾಯ್ ಮಾಷ್ಟ್ರೇ, ಎಣ್ಣಿ ಇಲ್ದೆ ಎಂತ ಜಾರತ್ತ್? ನಾನ್ ಎಷ್ಟ್ ದೋಣಿ ನೀರಿಗ್ ಇಳ್ಸಿದೆ.”

“ಇದ್ ದೋಣಿ ಅಲ್ಲ ಮಾರಾಯಾ.”

ದೋಣಿ ಇಳಿಸುವಾಗ ನಾವು ಕೆಳಗಿನ ದಿಮ್ಮಿಗಳಿಗೆ ಮೀನೆಣ್ಣೆ ಬಳಿಯುತ್ತೇವೆ. ದೋಣಿ ಒಂದೇ ಸಲ ಸರ್ರನೆ ಹೋಗುತ್ತದೆ, ಕೆಲಸ ಮುಗಿಯಿತು. ಕೂದಲೆಳೆಯಷ್ಟು ಸರಿದು ಅಲ್ಲೇ ನಿಲ್ಲಬೇಕು ಎಂದು ಯಾವ ದೋಣಿಗೂ ಯಾರೂ ಹೇಳಿದ್ದಿಲ್ಲ.

ಕೆಲಸ ಮುಗಿದ ದಿನ ತಳ್ಳಿ ನೋಡಿದೆ. ಸ್ವಲ್ಪ ಬಿಗಿ ಅನಿಸಿತು. ಆ ಬಿಗಿ ಬೇಕಾದದ್ದೇ ಎಂದು ನನಗೆ ಗೊತ್ತಿರಲಿಲ್ಲ. ಮಾಷ್ಟ್ರು ಒಳಗಿದ್ದರು. ಪೆಟ್ಟಿಗೆ ಎತ್ತಿ ಬೈಗೆ ಮೀನಿನ ಎಣ್ಣೆ ಬಳಿದೆ. ಬುಗುರಿಯ ಹಾಗೆ ತಿರುಗಿತು. ಹೇಳಲಿಲ್ಲ.

ಮೋಡ ಬಿಡದೆ ಹತ್ತು ದಿನ ಹೋಯಿತು. ಅಷ್ಟರಲ್ಲಿ ಆ ಎಣ್ಣೆಗೆ ಕಡಲ ದಂಡೆಯ ಹೊಯಿಗೆಯ ಧೂಳು ಹತ್ತಿ ಅಂಟಾಯಿತು. ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಆಕಾಶ ತೆರೆಯಿತು. ದೊಡ್ಡ ಐಪೀಸಿನಲ್ಲಿ ಶನಿಯನ್ನು ಹುಡುಕಿ ಹಿಡಿದೆ. ಎಳ್ಳಿನಷ್ಟು ಸಣ್ಣದು. ನನಗೆ ಬಳೆ ಕಂಡಿತು.

ಮಾಷ್ಟ್ರು ಬಗ್ಗಿದರು. “ಒಂದ್ ಚುಕ್ಕಿ ಅಷ್ಟೇ. ಬಳಿ ಕಾಂತಿಲ್ಲೆ. ಸಣ್ಣದ್ ಹಾಕ್.”

ಸಣ್ಣ ಐಪೀಸು ದೊಡ್ಡದಾಗಿ ತೋರಿಸುತ್ತದೆ, ಆದರೆ ಆಕಾಶದ ಚೂರೇ ಚೂರು ಜಾಗ ತೋರಿಸುತ್ತದೆ. ಭೂಮಿ ತಿರುಗುವುದಕ್ಕೆ ಶನಿ ಒಂದು ನಿಮಿಷದೊಳಗೆ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಕೊಳವೆಯನ್ನು ಅದರ ಹಿಂದೆಯೇ ಮೆಲ್ಲ ತಳ್ಳುತ್ತಿರಬೇಕು. ತಳ್ಳಿದೆ, ಅಲುಗಲಿಲ್ಲ. ಜೋರು ಕೊಟ್ಟೆ, ಹಾರಿತು. ಶನಿ ಇಲ್ಲ. ಮತ್ತೆ ದೊಡ್ಡದು ಹಾಕಿ ಹುಡುಕಿ, ಸಣ್ಣದು ಹಾಕಿ, ಅವರನ್ನು ಬಗ್ಗಿಸಿದೆ. ಅವರ ಕಣ್ಣಿಗೆ ಹೊಂದಿಕೊಳ್ಳಲು ಸಮಯ ಬೇಕು. ಅದು ಹೊಂದುವುದರೊಳಗೆ ಶನಿ ಹೋಗಿರುತ್ತಿತ್ತು. ಹೀಗೇ ಆರೇಳು ಸಲ.

“ಎಂತಕ್ ಹೀಂಗ್ ಹಾರತ್ತ್?” ಎಂದು ಅವರು ಪೆಟ್ಟಿಗೆಯ ಅಡಿಗೆ ಬೆರಳು ಹಾಕಿ ಒರೆಸಿ ಮೂಸಿದರು. “ಬೈಗೆ ಎಣ್ಣಿ.”

“ಹ್ಞೂಂ.”

“ಬೇಡ ಅಂದಿದ್ನಲ್ದಾ?”

“ಅಂದಿದ್ರಿ. ಬೈಯಿನಿ ಮಾಷ್ಟ್ರೇ.”

“ಬೈದ್ರೆ ಜಾರತ್ತಾ?”

ಮರುದಿನ ಸೀಮೆಎಣ್ಣೆಯಲ್ಲಿ ತೊಳೆದೆ. ಮೈಕಾದ ಅಂಟು ಬಿಟ್ಟು ಶೀಟೇ ಎದ್ದು ಬಂತು. ಹೊಸದು ಬೇಕು, ಅದೂ ತರಿತರಿಯಾದದ್ದು. ನುಣುಪಾದರೆ ಟೆಫ್ಲಾನ್ ಕಚ್ಚಿಕೊಳ್ಳುತ್ತದೆ ಅಂದರು. ಈ ಸಲ ವಾದಿಸಲಿಲ್ಲ. ಬೈಂದೂರಿನಲ್ಲಿ ಸಿಗಲಿಲ್ಲ, ಕುಂದಾಪುರದಲ್ಲಿ ಬರೀ ಮಿರಮಿರ ಮಿಂಚುವವು. ಮೂರನೇ ದಿನ ಬ್ರಹ್ಮಾವರದಲ್ಲಿ ಒಬ್ಬ ಬಡಗಿಯ ಹತ್ತಿರ ಉಳಿದ ಒಂದು ತುಂಡು ಸಿಕ್ಕಿತು. ವಾಪಸು ಬರುವಾಗ ರಸ್ತೆ ಅಗಲ ಮಾಡುವ ಕೆಲಸದಿಂದ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಕುಂದಾಪುರ ದಾಟುವಾಗ ಮಳೆ ಹಿಡಿಯಿತು. ಮತ್ತೆ ಬಿಡಲಿಲ್ಲ.

ಮಳೆಗಾಲ ಮುಗಿದಾಗ ಶನಿ ಸೂರ್ಯನ ಬೆಳಕಿನಲ್ಲಿ ಮುಳುಗಿತ್ತು. ಸಂಜೆಯ ಆಕಾಶಕ್ಕೆ ಬಂದದ್ದು ಮುಂದಿನ ಬೇಸಿಗೆಗೆ. ಆಗ ದೂರದರ್ಶಕ ಒಂದು ಬೆರಳಿಗೆ ಸರಿಯುತ್ತಿತ್ತು, ಬೆರಳು ತೆಗೆದರೆ ನಿಲ್ಲುತ್ತಿತ್ತು. ಮಾಷ್ಟ್ರಿಗೆ ಲೈಟು ಹಾಕಿದೆಯೋ ಇಲ್ಲವೋ ಅನ್ನುವುದೂ ತಿಳಿಯುತ್ತಿರಲಿಲ್ಲ.

ಆದರೂ ಹೊರಗೆ ತರಲು ಹೇಳಿದರು. ನನ್ನನ್ನು ನೋಡಲು ಬಿಟ್ಟು, ಕೊಳವೆಗೆ ತಾವು ಕೈ ಇಟ್ಟುಕೊಂಡರು.

“ಬಲಕ್ಕೆ ಹೋತಾ ಇತ್ತ್,” ಅಂದೆ.

ಅವರು ತಳ್ಳಿದ್ದು ನನಗೆ ಗೊತ್ತೇ ಆಗಲಿಲ್ಲ. ಶನಿ ಮಧ್ಯಕ್ಕೆ ಬಂದು ನಿಂತಿತು.

“ಬಳಿ ಹೆಂಗಿತ್ತ್?”

“ಚಿತ್ರದಂಗೇ ಇತ್ತ್ ಮಾಷ್ಟ್ರೇ.”

“ಚಿತ್ರ ನಂಗ್ ಗೊತ್ತಿತ್ತ್ ಮಾರಾಯಾ,” ಅಂದರು.

ಮತ್ತೆ ಐಪೀಸಿಗೆ ಕಣ್ಣಿಟ್ಟು ಬೇರೆ ಮಾತು ಹುಡುಕಿದೆ. ಅವರು ಕಾಯುತ್ತಾ ಮೆಲ್ಲ ತಳ್ಳುತ್ತಲೇ ಇದ್ದರು.