ಹಂಝಾಕ ಓದದೆ ಸಹಿ ಹಾಕಿದ ಹಾಳೆ

ವೀಸಾ ರದ್ದಾದ ಮೇಲೆ ಕಂಪನಿ ಕೊಟ್ಟ ಆರೋಗ್ಯ ವಿಮೆಯ ಕಾರ್ಡಿಗೆ ಅದರ ಪ್ಲಾಸ್ಟಿಕ್ಕಿನ ಬೆಲೆಯೂ ಇಲ್ಲ. ಗಲ್ಫಿನಲ್ಲಿ ದುಡಿಯುವ ಯಾರಿಗೂ ಇದು ಹೊಸ ಮಾತಲ್ಲ. ಮರುಭೂಮಿಯ ಎಣ್ಣೆ ಪಟ್ಟಣ ರುವೈಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದ, ಕಿರಿಯರೆಲ್ಲ 'ಹಂಝಾಕ' ಎಂದು ಕರೆಯುವ ಹಂಝನಿಗೂ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ.

ಸಾಮಾನು ಕೇಳಿ ಬಂದ ಚೀಟಿ ಓದದೆ ಒಂದು ನಟ್ಟನ್ನೂ ಹೊರಗೆ ಬಿಟ್ಟವನಲ್ಲ ಅವನು. ಒಮ್ಮೆ ದೊಡ್ಡ ಇಂಜಿನಿಯರೇ ಅವಸರದಲ್ಲಿ ಬಂದಾಗ, ಚೀಟಿಯ ತಾರೀಕು ತಪ್ಪಿದೆ ಎಂದು ಬರಿಗೈಯಲ್ಲಿ ವಾಪಸ್ ಕಳಿಸಿದ್ದ. ಕಂಪನಿಯ ಸಾಮಾನಿಗೆ ಅಂಥ ಕಾವಲು. ತನ್ನ ಎದೆಯೊಳಗಿನ ಎರಡು ಸ್ಟೆಂಟಿಗೆ ಮಾತ್ರ ಯಾರ ಕಾವಲೂ ಇರಲಿಲ್ಲ.

ಅರವತ್ತೊಂದಕ್ಕೆ ನಿವೃತ್ತಿ. ಬೆಳಿಗ್ಗೆಯೇ ಬಸ್ಸು ಹತ್ತಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸಿಗೆ ಬಂದ. ಮೇಜಿನ ಮೇಲೆ ಲೆಕ್ಕ ಚುಕ್ತಾ ಮಾಡುವ ಒಂದು ಕಟ್ಟು ಹಾಳೆ. ಸಹಿ ಬೇಕಾದಲ್ಲೆಲ್ಲ ಹಳದಿ ಚೀಟಿ. ಊರಿಗೆ ಹೊರಟವರು ಅದನ್ನು ಓದುವ ಪದ್ಧತಿಯಿಲ್ಲ. ಹಳದಿ ಕಂಡಲ್ಲಿ ಹೆಸರು ಗೀಚಿ, ಕೈ ಕುಲುಕಿ ಹೊರಡುವುದು. ಓದುತ್ತ ಕೂತರೆ ಅನ್ನ ಕೊಟ್ಟವರ ಮೇಲೆ ಅನುಮಾನಪಟ್ಟಂತೆ ಎಂಬ ಸಂಕೋಚ ಬೇರೆ. ಹಂಝ ಹದಿನಾಲ್ಕು ಸಹಿ ಹಾಕಿ ಪೆನ್ನು ಮುಚ್ಚಿದ.

"ಖಲಾಸ್ ಅಲ್ವಾ ಸ್ವರ್ಣಕ್ಕ?"

ಮೇಜಿನಾಚೆ ಕೂತಿದ್ದ ಗುಮಾಸ್ತೆ, ಉಡುಪಿಯ ಸ್ವರ್ಣಲತಾ, ಹಾಳೆ ಮಗುಚುತ್ತ ಒಂಬತ್ತನೆಯದರಲ್ಲಿ ನಿಂತಳು.

"ಹಂಝಾಕ, ಇದನ್ನು ಓದಿದ್ರಾ?"

"ನೀವು ಕೊಟ್ಟದ್ದಲ್ವಾ, ಓದ್ಲಿಕ್ಕೆ ಎಂತ ಉಂಟು?"

"ನಾನು ನಿಮ್ಮ ಸ್ಟೋರಿಗೆ ಬಂದು ಹೀಗೆ ಹೇಳಿದ್ರೆ ಒಂದು ಬೋಲ್ಟ್ ಕೊಡ್ತೀರಾ?"

"ನಿಮ್ಮ ಅಪ್ಪ ಬಂದ್ರೂ ಕೊಡುವುದಿಲ್ಲ."

"ಹಾಗಾದ್ರೆ ಕೂತ್ಕೊಳ್ಳಿ."

ಇಪ್ಪತ್ತು ವರ್ಷದ ಸೇವೆ ದಾಟಿದವರು ನಿವೃತ್ತಿಯ ನಂತರ ಊರಿನಲ್ಲೂ ಕಂಪನಿಯ ವಿಮೆ ಮುಂದುವರಿಸಬಹುದು. ಪ್ರೀಮಿಯಂ ಅರ್ಧ ಕಂಪನಿಯದು, ಅರ್ಧ ಅವರದು. ಆದರೆ ವೀಸಾ ರದ್ದಾಗುವ ಮೊದಲೇ ಒಪ್ಪಬೇಕು. ಆಮೇಲೆ ಬಾಗಿಲು ಮುಚ್ಚಿದಂತೆ. ಹಾಳೆಯಲ್ಲಿದ್ದದ್ದು ಇಷ್ಟು. 'ಬೇಡ' ಎಂಬಲ್ಲಿ ಮೊದಲೇ ಟಿಕ್ ಬಿದ್ದಿತ್ತು. ಅದರ ಕೆಳಗೆ ಹಂಝನ ಸಹಿ.

"ಊರಲ್ಲಿ ಸರ್ಕಾರದ ವಿಮೆ ಉಂಟಲ್ಲ. ಎರಡೆರಡು ಎಂತಕ್ಕೆ?"

"ನಿಮ್ಮದು ಎಪಿಎಲ್ ಕಾರ್ಡ್ ಅಲ್ವಾ? ಹತ್ತರಲ್ಲಿ ಮೂರು ಪಾಲು ಸರ್ಕಾರ ಕೊಟ್ರೆ ದೊಡ್ಡದು. ಮೊದಲು ಅದು, ಉಳಿದದ್ದಕ್ಕೆ ಇದು. ಒಂದು ಇದ್ರೆ ಇನ್ನೊಂದು ಬೇಡ ಅಂತ ಅಲ್ಲ."

"ಊರಲ್ಲೇ ಹೊಸತು ಮಾಡಿಸಿದ್ರೆ?"

"ಮಾಡಿಸಿ. ಹಳೆ ಕಾಯಿಲೆಗೆ ಮೂರು ವರ್ಷ ಕಾಯಿರಿ ಅಂದ್ರೆ? ಅಷ್ಟು ದಿನ ಹಾರ್ಟಿಗೆ ರಜೆ ಕೊಡ್ತೀರಾ?"

ಹಂಝನಿಗೆ ಬದ್ರುದ್ದೀನ್ ನೆನಪಾದ. ಅದೇ ಸ್ಟೋರಿನವನು, ಎರಡು ವರ್ಷದ ಹಿಂದೆ ಇದೇ ಕುರ್ಚಿಯಿಂದ ಎದ್ದು ಊರಿಗೆ ಹೋದವನು. ಈಗ ದುಡ್ಡು ಸಾಲದೆ ಎದೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾನೆ. ಅವನೂ ಹಳದಿ ಚೀಟಿ ನೋಡಿಯೇ ಸಹಿ ಹಾಕಿದ್ದ.

"ಈ ಟಿಕ್ ಹಾಕಿದ್ದು ಯಾರು?"

"ಕಂಪ್ಯೂಟರ್."

"ಕಂಪ್ಯೂಟರಿಗೆ ಹೇಳಿದ್ದು ಯಾರು?"

ಸ್ವರ್ಣಲತಾ ದನಿ ತಗ್ಗಿಸಿದಳು. "ಅದನ್ನು ಕೇಳುವಷ್ಟು ಸಂಬಳ ನನಗಿಲ್ಲ, ಹಂಝಾಕ."

ಹಳೆಯ ಹಾಳೆಯನ್ನು ಹರಿದು ಅವಳು ಹೊಸದನ್ನು ಮುದ್ರಿಸಿ ಕೊಟ್ಟಳು. ಹಂಝ ಕನ್ನಡಕ ಏರಿಸಿದ. ಸ್ಟೋರಿಗೆ ಬಂದ ಸರಕನ್ನು ತಾಳೆ ನೋಡುವವನಂತೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟ. ಹಿಂದೆ ಸರದಿಯಲ್ಲಿದ್ದ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದರು. ಅವನು ತಲೆ ಎತ್ತಲಿಲ್ಲ.

"ನನ್ನ ಹೆಂಡತಿ ಜಮೀಲಾಳ ಹೆಸರು ಇದರಲ್ಲಿ ಎಲ್ಲುಂಟು?"

ಇರಲಿಲ್ಲ. ಬರೆಸಿದ. ಮತ್ತೊಮ್ಮೆ ಮೊದಲಿನಿಂದ ಓದಿ, 'ಬೇಕು' ಎಂಬಲ್ಲಿ ತಾನೇ ಟಿಕ್ ಹಾಕಿ, ಸಹಿ ಮಾಡಿದ. ರುವೈಸಿನ ಬಸ್ಸು ತಪ್ಪಿತು. ತಪ್ಪಲಿ.

ಅಂದು ಸ್ವರ್ಣಲತಾ ರಜೆಯಲ್ಲಿದ್ದಿದ್ದರೆ? ಇಪ್ಪತ್ತೊಂಬತ್ತು ವರ್ಷ ದುಡಿದವನ ಎದೆ ಒಬ್ಬ ಗುಮಾಸ್ತೆಯ ಹಾಜರಿಯ ಮೇಲೆ ನಿಂತಿರುವುದು ನ್ಯಾಯವಲ್ಲ. ನಿಮ್ಮ ಕಂಪನಿಯಲ್ಲಿ ಅಂಥ ಹಾಳೆ ಇದೆಯೇ? ನಾಳೆಯೇ ಹೋಗಿ ಕೇಳಿ. ಇದ್ದರೆ ಮನೆಗೆ ತಂದು ಕೊನೆಯ ಸಾಲಿನವರೆಗೆ ಓದಿ. ಇಲ್ಲದಿದ್ದರೆ ಏಕಿಲ್ಲ ಎಂದು ಬರವಣಿಗೆಯಲ್ಲಿ ಕೇಳಿ, ಊರಿನ ಟಿಕೆಟ್ ಕೈಗೆ ಬರುವ ಮೊದಲು.